ದೊಡ್ಡ ಸೂಜಿ

ಆ ಮನೆಯಲ್ಲಿ ಬೆಳಗ್ಗೆ ಪೊರಕೆಗಿಂತ ಮೊದಲು ಅಯಸ್ಕಾಂತ ಓಡಾಡಬೇಕು. ಹೊಲಿಗೆ ನಡೆಯುವ ಮನೆ. ಹಿಂದಿನ ದಿನದ ಗುಂಡುಪಿನ್ನು, ಕೈಸೂಜಿ, ಪ್ಯಾಂಟಿನ ಕೊಕ್ಕೆ, ಏನಾದರೊಂದು ನೆಲದ ಮೇಲೆ ಬಿದ್ದೇ ಇರುತ್ತದೆ. ಹುಡುಕಿದರೆ ಕಣ್ಣಿಗೆ ಸಿಗುವುದಿಲ್ಲ, ಹುಡುಕದಿದ್ದರೆ ಕಾಲಿಗೆ ಸಿಗುತ್ತದೆ. ಅದಕ್ಕೇ ಕುದುರೆ ಲಾಳದಂಥ ಒಂದು ಅಯಸ್ಕಾಂತಕ್ಕೆ ಹಳೇ ಅಳತೆಪಟ್ಟಿಯ ತುಂಡು ಕಟ್ಟಿ, ನಾಯಿಮರಿಯನ್ನು ಎಳೆದುಕೊಂಡು ಹೋಗುವ ಹಾಗೆ ಮೂಲೆಮೂಲೆಗೂ ಎಳೆದುಕೊಂಡು ಹೋಗುವ ಪದ್ಧತಿ. ಪದ್ಧತಿ ಮಾಡಿದವರು ಮಾವ. ಎಳೆಯುತ್ತಿದ್ದವಳು ಅವರ ಮೊಮ್ಮಗಳು. ಈಗ ಮಾವ ಇಲ್ಲ, ಮೊಮ್ಮಗಳು ಅದನ್ನು ಮುಟ್ಟುವುದಿಲ್ಲ. ಹಾಗಾಗಿ ಅಯಸ್ಕಾಂತದ ಪಟ್ಟಿ ಸೊಸೆಯ ಕೈಗೆ ಬಂದಿತ್ತು, ಮಾವನ ಹೊಲಿಗೆ ಮಿಷಿನ್ನು ಅವಳ ಕಾಲಿಗೆ ಬಂದ ಹಾಗೆಯೇ.

ಇವತ್ತು ಅವಳು ಮಿಷಿನ್ನನ್ನೇ ಮೂಲೆಯಿಂದ ಎಳೆದು ಪಕ್ಕಕ್ಕೆ ಸರಿಸಿದ್ದಳು. ಕಿಟಕಿಯ ಬಿಸಿಲು ಬೀಳುವ ಜಾಗ ಮನೆಯಲ್ಲಿ ಅದೊಂದೇ, ಕೂಸನ್ನು ಅಲ್ಲಿ ಮಲಗಿಸಬೇಕು. ಕೂಸು ಬೋರಲು ಬೀಳುವುದನ್ನು ಹೊಸದಾಗಿ ಕಲಿತಿತ್ತು. ಬಿದ್ದದ್ದೇ ಸಿಕ್ಕಿದ್ದನ್ನು ಬಾಯಿಗೆ ಇಟ್ಟುಕೊಳ್ಳಲು ನೋಡುತ್ತಿತ್ತು. ಮಿಷಿನ್ನಿನ ಕಾಲುಗಳಿದ್ದ ಕಡೆ ನೆಲದ ಹಾಸುಗಲ್ಲಿನ ಸಂದಿಯಲ್ಲಿ ಧೂಳು ಗಟ್ಟಿಯಾಗಿ ಕೂತಿತ್ತು. ಅವಳು ಹೇರ್‌ಪಿನ್ನಿನಿಂದ ಸಂದಿಯನ್ನು ಕೆರೆದು ಮೇಲೆ ಅಯಸ್ಕಾಂತ ಎಳೆದಳು. ಟಿಕ್ಕೆಂದು ಏನೋ ಹತ್ತಿಕೊಂಡಿತು.

ಎತ್ತಿ ನೋಡಿದಳು. ಮಿಷಿನ್ ಸೂಜಿಯ ಮುರಿದ ತುದಿ. ದಾರ ಪೋಣಿಸುವ ಕಣ್ಣಿನ ಅರ್ಧಭಾಗವೂ ಅದರಲ್ಲೇ ಉಳಿದಿತ್ತು.

ಅಡುಗೆಮನೆಯ ಹೊಸಿಲ ಮೇಲೆ ಶಾಲೆಯ ಬಟ್ಟೆಯಲ್ಲಿ ಕೂತು ಹಾಲು ಕುಡಿಯುತ್ತಿದ್ದ ಮಗಳು ಲೋಟವನ್ನು ತುಟಿಯಿಂದ ಇಳಿಸಿದಳು. ತಾಯಿಯ ಕೈಯನ್ನೇ ನೋಡಿದಳು. ಮುಖದ ಬಣ್ಣ ಸುಣ್ಣದ ಹಾಗಾಯಿತು.

"ಏನೇ? ಹಾಲು ಬಿಸಿ ಇದೆಯಾ?"

ಮಗಳು ಇಲ್ಲವೆಂದು ತಲೆಯಾಡಿಸಿದಳು. ಅಷ್ಟರಲ್ಲಿ ಯಾರೋ ಬಾಗಿಲು ಬಡಿದರು. ತಾಯಿ ಆ ತುದಿಯನ್ನು ಗುಂಡಿಗಳ ಡಬ್ಬಿಗೆ ಹಾಕಿ, ಮುಚ್ಚಳವನ್ನೂ ಮುಚ್ಚದೆ ಎದ್ದುಹೋದಳು.

ಬಾಗಿಲಲ್ಲಿ ಬಡಾವಣೆಯ ಕ್ಲಿನಿಕ್ಕಿನ ಸಿಸ್ಟರ್. ಹೆಗಲಿಗೆ ಚೀಲ, ಕುತ್ತಿಗೆಗೆ ಗುರುತಿನ ಚೀಟಿ, ಮಹಡಿ ಹತ್ತಿ ಬಂದ ಏದುಸಿರು.

"ಸಮುದಾಯ ಭವನದಲ್ಲಿ ಫ್ಲೂ ಲಸಿಕೆ ಹಾಕ್ತಿದೀವಮ್ಮ. ಮಧ್ಯಾಹ್ನದವರೆಗೆ ಮಾತ್ರ. ನಾಳೆಯಿಂದ ನಾವು ಸೇತುವೆ ಆಚೆಗೆ. ಕೂಸಿಗೆ ಎಷ್ಟು ತಿಂಗಳು?"

"ಆರು ತುಂಬಿಲ್ಲ ಇನ್ನೂ."

"ಹಾಗಾದ್ರೆ ಅದಕ್ಕೆ ಹಾಕೋ ಹಾಗಿಲ್ಲ. ಅದಕ್ಕೇ ಸುತ್ತ ಇರೋರೆಲ್ಲ ಹಾಕಿಸ್ಕೋಬೇಕು. ನೀವೇ ಅದಕ್ಕೆ ಬೇಲಿ, ತಿಳೀತಾ? ನಿಮ್ಮೆಜಮಾನ್ರು?"

"ಅವರು ಕೆಲಸ ಮಾಡೋ ಬೇಕರಿಯಲ್ಲೇ ಹಾಕಿದ್ರಂತೆ, ಹೋದ ವಾರ."

"ಒಳ್ಳೇದಾಯ್ತು. ನೀವು, ದೊಡ್ಡ ಮಗು, ಇಬ್ಬರೂ ಬಂದುಬಿಡಿ." ಸಿಸ್ಟರ್ ಒಳಗೆ ಇಣುಕಿ ಮಿಷಿನ್ನನ್ನು ನೋಡಿ ನಕ್ಕಳು. "ಹೋದ ವರ್ಷವೂ ಬಂದಿದ್ದೆ ನಾನು. ನಿಮ್ಮ ಮಾವನವರು ಅದೇ ಮಿಷಿನ್ನಿನ ಮುಂದೆ ಕೂತಿದ್ರು. ಹೊಟ್ಟೆ ಹುಣ್ಣಾಗೋ ಹಾಗೆ ನಗಿಸಿ ಕಳಿಸಿದ್ರು. ಎಲ್ಲಿ, ಹೊರಗೆ ಹೋಗಿದ್ದಾರಾ?"

ಸೊಸೆ ಗೋಡೆಯ ಕಡೆ ನೋಡಿದಳು. ಅಲ್ಲಿ ಮಾವನ ಭಾವಚಿತ್ರವಿತ್ತು. ಸಿಸ್ಟರ್ ಕೂಡ ನೋಡಿದಳು. ಅವಳ ನಗು ಬಾಯಲ್ಲೇ ನಿಂತುಹೋಯಿತು.

"ಅಯ್ಯೋ. ಯಾವಾಗ?"

"ಚಳಿಗಾಲದಲ್ಲಿ. ಫ್ಲೂನೇ. ಎದೆಗೆ ಇಳೀತು."

ಸಿಸ್ಟರ್ ಚೀಲದ ಪಟ್ಟಿಯನ್ನು ಸರಿಮಾಡಿಕೊಂಡಳು. "ಬನ್ನಿ ಅಮ್ಮ," ಎಂದಳು ಮೆಲ್ಲಗೆ. "ಮರೀಬೇಡಿ, ಬನ್ನಿ."

ಹೋದ ವರ್ಷ ಇದೇ ಸಿಸ್ಟರ್ ಇದೇ ಬಾಗಿಲಲ್ಲಿ ನಿಂತು ಕರೆದಾಗ ಮಾವ ಕನ್ನಡಕದ ಮೇಲಿಂದ ನೋಡಿ, "ನೆಗಡಿ ಬಂತು ಅಂತ ಮೂಗು ಕುಯ್ಕೊಂಡ್ರಂತೆ. ಇದು ಅದಕ್ಕಿಂತ ಜೋರಾಯ್ತಲ್ಲಮ್ಮ, ನೆಗಡಿ ಇನ್ನೂ ಬಂದೇ ಇಲ್ಲ!" ಎಂದಿದ್ದರು. "ಜೀವಮಾನವೆಲ್ಲ ಸೂಜಿ ಹಿಡಿದೋನು ನಾನು. ದಿನಾ ಬೆರಳಿಗೆ ಚುಚ್ಚಿಸ್ಕೊಳ್ತೀನಿ. ನನ್ನ ಮೈಯಲ್ಲಿ ಇನ್ನು ತೂತು ಹಾಕೋಕೆ ಜಾಗ ಎಲ್ಲಿದೆ?" ಸಿಸ್ಟರ್ ನಕ್ಕಳು, ಸೊಸೆಯೂ ನಕ್ಕಳು. ಆಗ ಅವಳಿಗೆ ಬಸಿರಿನ ಮೊದಲ ದಿನಗಳು, ಗೋಡೆ ಹಿಡಿದು ನಡೆಯುವಷ್ಟು ವಾಂತಿ, ಸುಸ್ತು. ಅಂಗಿ ತೊಡಿಸಿ, ಮೆಟ್ಟಿಲಿಳಿಸಿ, ಹಟಮಾರಿ ಮುದುಕರನ್ನು ಕರೆದುಕೊಂಡು ಹೋಗುವ ಕೆಲಸ ತಪ್ಪಿತಲ್ಲ ಎಂದು ಮನಸ್ಸಿನೊಳಗೆ ಒಂದಿಷ್ಟು ಹಾಯೆನಿಸಿತ್ತು. ಎರಡನೇ ಸಲ ಅವಳು ಕೇಳಲಿಲ್ಲ. ಆಮೇಲೆ ಆಸ್ಪತ್ರೆಯ ಡಾಕ್ಟರು, "ಹಾಕಿಸಿದ್ರೆ ಬರ್ತಾನೇ ಇರಲಿಲ್ಲ ಅನ್ನಲ್ಲ. ಇಷ್ಟು ಕೆಡ್ತಿರಲಿಲ್ಲವೇನೋ," ಎಂದಾಗ ಅವಳ ಗಂಡ ನೆಲ ನೋಡಿದ. ಅವಳು ಗೋಡೆ ನೋಡಿದಳು. ಆ 'ಏನೋ' ಅವತ್ತಿನಿಂದ ಅವಳ ಗಂಟಲಲ್ಲಿ ಮೀನಿನ ಮುಳ್ಳಿನ ಹಾಗೆ ಕೂತಿತ್ತು.

ಮಗಳಿಗೆ ತಾತ ಇಟ್ಟ ಹೆಸರು ಯಾಕಮ್ಮ. ಬೆಳಗ್ಗೆ ಕಣ್ಣು ಬಿಟ್ಟರೆ "ಯಾಕೆ", ರಾತ್ರಿ ಕಣ್ಣು ಮುಚ್ಚಿದರೆ "ಯಾಕೆ". ದಾರ ಯಾಕೆ ಮೇಲೊಂದು ಕೆಳಗೊಂದು? ಗಂಡಸರ ಅಂಗಿಗೆ ಗುಂಡಿ ಯಾಕೆ ಆ ಕಡೆ, ಹೆಂಗಸರದ್ದಕ್ಕೆ ಯಾಕೆ ಈ ಕಡೆ? ಸೂಜಿಗೆ ಯಾಕೆ ಒಂದೇ ಕಣ್ಣು? "ಎರಡಿದ್ದಿದ್ರೆ ಅದೂ ನಿನ್ನ ಹಾಗೆ ಸುತ್ತಮುತ್ತ ನೋಡ್ತಾ ಕೂರ್ತಿತ್ತು, ಕೆಲಸ ಮಾಡ್ತಿರಲಿಲ್ಲ," ಎನ್ನುತ್ತಿದ್ದರು ತಾತ. ಸೂಜಿಯ ಹಿಂದೆ ದಾರ ಎಂಬಂತೆ ಇಬ್ಬರೂ ಇಡೀ ಮನೆ ಓಡಾಡುತ್ತಿದ್ದರು.

ತಾತ ಹೋದ ಮೇಲೆ ಯಾಕಮ್ಮ ಒಂದೂ ಪ್ರಶ್ನೆ ಕೇಳಲಿಲ್ಲ.

ಮೊದಮೊದಲು ಯಾರಿಗೂ ಅದು ಗೊತ್ತಾಗಲಿಲ್ಲ, ಸಾವಿನ ಮನೆಯಲ್ಲಿ ಎಲ್ಲರೂ ಮೆತ್ತಗೇ ಇರುತ್ತಾರೆ. ಆಮೇಲೆ ಕೂಸು ಬಂತು. ತಮ್ಮ ಎಲ್ಲಿಂದ ಬಂದ, ಅವನಿಗೆ ಹಲ್ಲು ಯಾಕಿಲ್ಲ, ನೆತ್ತಿ ಯಾಕೆ ಬಡಿದುಕೊಳ್ಳುತ್ತದೆ ಎಂದು ಜೀವ ತಿನ್ನಬೇಕಾಗಿದ್ದ ಹುಡುಗಿ, ದೂರದಲ್ಲಿ ಕೈ ಕಟ್ಟಿ ನಿಂತು ನೋಡಿದಳು. ಹಾಕಿದ್ದನ್ನು ತಿಂದಳು, ಕೊಟ್ಟಿದ್ದನ್ನು ತೊಟ್ಟಳು. ಶಾಲೆಯ ಟೀಚರು, "ಎಷ್ಟು ಬುದ್ಧಿ ಬಂದಿದೆ ನಿಮ್ಮ ಮಗಳಿಗೆ! ಹೋದ ವರ್ಷ ಪಾಠ ಮಾಡೋಕೇ ಬಿಡ್ತಿರಲಿಲ್ಲ," ಎಂದರು. ನೆರೆಹೊರೆಯವರೂ ಅದನ್ನೇ ಹೇಳಿದರು. ತಾಯಿಗೆ ಮಾತ್ರ ಆ ಹೊಗಳಿಕೆ ಹಿಡಿಸಲಿಲ್ಲ. ಬುದ್ಧಿ ಬಂದ ಮಗು ಹೀಗಿರುವುದಿಲ್ಲ. ಇದು ಬಾಯಿಗೆ ಹೊಲಿಗೆ ಹಾಕಿಕೊಂಡ ಮಗು.

ಒಳಗೊಂದು ಪ್ರಶ್ನೆ ಇದೆ, ಅದು ಹೊರಗೆ ಬರುವವರೆಗೂ ಉಳಿದವು ಬರುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು. ಆ ಪ್ರಶ್ನೆ ಏನೆಂದೂ ಗೊತ್ತಿದೆ ಎಂದುಕೊಂಡಿದ್ದಳು. 'ತಾತನಿಗೆ ನೀನ್ಯಾಕೆ ಹಾಕಿಸಲಿಲ್ಲ?' ಅದು ಬರಲಿ ಎಂದು ಬೇಡಿಕೊಳ್ಳುತ್ತಿದ್ದವಳೂ ಅವಳೇ, ಇವತ್ತೊಂದು ದಿನ ಬರದಿದ್ದರೆ ಸಾಕು ಎಂದು ಹೆದರುತ್ತಿದ್ದವಳೂ ಅವಳೇ. ಪಾತ್ರೆ ತೊಳೆಯುತ್ತ, ಕಾಲರು ತಿರುವುತ್ತ ಉತ್ತರವನ್ನು ಎಷ್ಟೋ ಸಲ ಹೊಲಿದಿದ್ದಳು, ಬಿಚ್ಚಿದ್ದಳು. 'ಕೇಳಿದ್ವಿ ಮಗಳೇ, ತಾತನೇ ಬೇಡ ಅಂದ್ರು.' ಅದು ಅರ್ಧ ನಿಜ. 'ಇನ್ನೊಂದು ಸಲ ಕೇಳಬೇಕಿತ್ತು, ಕೇಳಲಿಲ್ಲ, ನನಗೆ ಸುಸ್ತಾಗಿತ್ತು.' ಇದು ಉಳಿದರ್ಧ. ಇಷ್ಟನ್ನೂ ಹೇಳುವುದೆಂದು ಕೊನೆಗೆ ತೀರ್ಮಾನಿಸಿದ್ದಳು.

"ನಡಿ, ಲಸಿಕೆ ಹಾಕಿಸ್ಕೊಂಡು ಹಾಗೇ ಶಾಲೆಗೆ ಬಿಡ್ತೀನಿ," ಎಂದು ಒಳಗೆ ಕೂಗಿ, ಕೂಸನ್ನು ಬಟ್ಟೆಯಲ್ಲಿ ಸುತ್ತಿ ಎದೆಗೆ ಕಟ್ಟಿಕೊಂಡಳು. ಹೋದ ವರ್ಷದವರೆಗೂ ಲಸಿಕೆ ಎಂದರೆ ಈ ಹುಡುಗಿಯನ್ನು ಮಂಚದ ಕೆಳಗಿನಿಂದ ಕಾಲು ಹಿಡಿದು ಎಳೆಯಬೇಕಿತ್ತು. ಇವತ್ತು ಆಗಲೇ ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ನಿಂತಿದ್ದಳು. ಗುಂಡಿಗಳ ಡಬ್ಬಿ ನೆಲದ ಮೇಲೆ ಸ್ವಲ್ಪ ಆ ಕಡೆಗೆ ಸರಿದಿತ್ತು. ಬೆಕ್ಕು ತಳ್ಳಿರಬೇಕೆಂದು ತಾಯಿ ಅದರ ಮುಚ್ಚಳ ಒತ್ತಿ ಮೇಲಿಟ್ಟಳು.

ದಾರಿಯಲ್ಲಿ ಅವಳ ಮನಸ್ಸೆಲ್ಲ ಆ ಮುರಿದ ತುದಿಯ ಮೇಲೆಯೇ ಇತ್ತು. ಅದು ಮುರಿದ ದಿನ ಅವಳಿಗೆ ಚೆನ್ನಾಗಿ ನೆನಪಿದೆ. ಮಾವ ಕಾಯಿಲೆ ಬೀಳುವುದಕ್ಕೆ ಸ್ವಲ್ಪವೇ ಮೊದಲು. ಒಳಗಿನಿಂದ ಬಂದು ನೋಡಿದರೆ ಮಿಷಿನ್ನಿನಲ್ಲಿ ಸೂಜಿ ಮುರಿದಿದೆ, ಬಟ್ಟೆ ಸಿಕ್ಕುಹಾಕಿಕೊಂಡಿದೆ, ತುದಿ ಎಲ್ಲೂ ಇಲ್ಲ. ಬರಿಗಾಲಿನಲ್ಲಿ ಓಡಾಡುವ ಮನೆ, ಹೊಟ್ಟೆಯಲ್ಲಿ ಕೂಸು. ಸಿಟ್ಟು ನೆತ್ತಿಗೇರಿತ್ತು. "ಯಾರು ಮುರಿದದ್ದು? ಯಾರು ಮುರಿದ್ರೋ ಅವರನ್ನ ನಾಳೆನೇ ಆಸ್ಪತ್ರೆಗೆ ಎಳ್ಕೊಂಡು ಹೋಗಿ ದೊಡ್ಡ ಸೂಜಿ ಚುಚ್ಚಿಸ್ತೀನಿ! ಒಂದಲ್ಲ, ಸಾಲಾಗಿ!" ಎಂದು ಕಿರುಚಿದ್ದಳು. ಅದು ಆ ಮನೆಯ ಹಳೇ ಬೆದರಿಕೆ. ಊಟ ಬಿಟ್ಟರೆ ಸೂಜಿ, ಹಟ ಮಾಡಿದರೆ ಸೂಜಿ, ಮಲಗದಿದ್ದರೆ ದೊಡ್ಡ ಸೂಜಿ. ಎಲ್ಲ ತಾಯಂದಿರೂ ಹೇಳುವಂಥದ್ದೇ, ಹೇಳಿದ ಮರುಕ್ಷಣ ಮರೆಯುವಂಥದ್ದೇ.

ಮಗಳು ಮಿಷಿನ್ನಿನ ಪಕ್ಕ ಗೋಡೆಗೆ ಅಂಟಿಕೊಂಡು ನಿಂತಿದ್ದಳು. ಮಾವ ಕುರ್ಚಿಯಿಂದ ಕೈಯೆತ್ತಿ, "ನಾನೇ ಮುರಿದದ್ದಮ್ಮ," ಎಂದಿದ್ದರು. "ಕಣ್ಣು ಮಂಜು. ನನಗೇ ಚುಚ್ಚಿಸು. ಎಷ್ಟು ಬೇಕಾದ್ರೂ ಚುಚ್ಚಿಸು, ಅಳಲ್ಲ." ಅವಳ ಸಿಟ್ಟು ಇಳಿದಿರಲಿಲ್ಲ. "ಹೌದು, ನಿಮಗೇ ಚುಚ್ಚಿಸಬೇಕು! ಲಸಿಕೆ ಬೇಡ ಅಂದ್ರಲ್ಲ, ಅದೂ ಸೇರಿಸಿ!" ಎಂದು ಒಳಗೆ ಹೋಗಿದ್ದಳು. ಮಾವನ ಜೊತೆ ಅವಳು ಸಿಟ್ಟಿನಲ್ಲಿ ಆಡಿದ ಕೊನೆಯ ಮಾತು ಅದೇ. ಪಾಪ, ಕಣ್ಣು ಕಾಣದ ಮುದುಕರನ್ನು ಬೈದೆನಲ್ಲ ಎಂದು ಆಮೇಲೆ ಎಷ್ಟೋ ದಿನ ಕೊರಗಿದ್ದಳು. ಅವತ್ತು ಹುಡುಕಿ ಹುಡುಕಿ ಸಿಗದ ತುದಿ ಇವತ್ತು ಸಿಕ್ಕಿತ್ತು.

ಸಮುದಾಯ ಭವನದಲ್ಲಿ ಟೇಬಲ್ ಟೆನಿಸ್ ಮೇಜನ್ನು ಮಡಚಿ ಗೋಡೆಗೆ ಒರಗಿಸಿ, ಪ್ಲಾಸ್ಟಿಕ್ ಕುರ್ಚಿಗಳನ್ನು ಸಾಲಾಗಿ ಹಾಕಿದ್ದರು. ಮುಂದೆ ಪರದೆ, ಅದರ ಹಿಂದೆ ಸಿಸ್ಟರ್, ಐಸ್ ಪೆಟ್ಟಿಗೆ, ಹತ್ತಿಯ ಬುಟ್ಟಿ, ಬಳಸಿದ ಸೂಜಿ ಹಾಕುವ ಹಳದಿ ಡಬ್ಬ. ಸ್ಪಿರಿಟ್ಟಿನ ವಾಸನೆ ಬಾಗಿಲವರೆಗೂ ಬರುತ್ತಿತ್ತು. ಆ ವಾಸನೆ ಬಡಿದದ್ದೇ ತಾಯಿಗೆ ಆಸ್ಪತ್ರೆಯ ವಾರ್ಡು ನೆನಪಾಯಿತು. ಮಗಳನ್ನು ಅಲ್ಲಿಗೆ ಒಂದೇ ಸಲ ಕರೆದುಕೊಂಡು ಹೋಗಿದ್ದರು, ತಾತನ ಮುಖ ನೋಡಿಕೊಳ್ಳಲಿ ಎಂದು. ಮುಖದ ತುಂಬ ಮಾಸ್ಕು. ಎರಡೂ ಕೈಗೆ ಸೂಜಿ ಚುಚ್ಚಿ ಪಟ್ಟಿ ಅಂಟಿಸಿದ್ದರು. ನರ ಸಿಗದೆ ಹಿಂದೆ ಚುಚ್ಚಿದ ಕಡೆಯೆಲ್ಲ ನೇರಳೆ ಕಲೆ. ಮಾವ ಮೊಮ್ಮಗಳನ್ನು ನೋಡಿ ಕಷ್ಟಪಟ್ಟು ಕೈಯೆತ್ತಿ, ಒಂದು ಬೆರಳನ್ನು ಮಾಸ್ಕಿನ ಮೇಲೆ, ಬಾಯಿಯ ಜಾಗದಲ್ಲಿ ಇಟ್ಟಿದ್ದರು. ಮಾಸ್ಕು ಒತ್ತುತ್ತಿರಬೇಕೆಂದು ಸೊಸೆ ಅದರ ಪಟ್ಟಿಯನ್ನು ಸಡಿಲ ಮಾಡಿದ್ದಳು.

"ಏನಮ್ಮಾ, ಕೂಸು ಯಾರ ಹಾಗೆ?" ಮುಂದಿನ ಕುರ್ಚಿಯಲ್ಲಿದ್ದ ಕ್ಷೌರದಂಗಡಿಯವನು ತಿರುಗಿ ಕೇಳಿದ. ಉತ್ತರಕ್ಕೆ ಕಾಯದೆ ಪಕ್ಕದ ಅಜ್ಜಿಯ ಕಡೆ ವಾಲಿದ. "ನಾನು ದಿನಾ ಜನರ ಕುತ್ತಿಗೆಗೆ ಕತ್ತಿ ಹಿಡಿಯೋನು. ಈ ಸಣ್ಣ ಸೂಜಿ ನೋಡಿದ್ರೆ ಕೈಕಾಲು ನಡುಗತ್ತೆ ನೋಡಿ."

"ನಿನ್ನ ಕತ್ತಿ ನೋಡಿದ್ರೆ ನನ್ನ ಮಗನಿಗೂ ನಡುಗತ್ತಂತೆ," ಎಂದರು ಅಜ್ಜಿ. "ಹೋದ ಸಲ ಕಿವಿ ಹೇಗೆ ಕುಯ್ದೆ?"

"ಕಿವಿ ಅಲ್ಲಜ್ಜಿ, ಕಿವಿಯ ಮೇಲಿನ ಕೂದಲು."

"ಕೂದಲಿಗೆ ರಕ್ತ ಬರತ್ತೇನೋ?"

ಸಾಲೆಲ್ಲ ನಕ್ಕಿತು. ಮಗಳು ನಗಲಿಲ್ಲ. ಕುರ್ಚಿಯ ತುದಿಯಲ್ಲಿ ಕೂತು ಸದ್ದಿಲ್ಲದೆ ಅಂಗಿಯ ಎಡತೋಳನ್ನು ಮಡಚುತ್ತಿದ್ದಳು, ತಾತ ಕಲಿಸಿದ ಹಾಗೆ, ಒಂದೇ ಅಗಲದ ಮಡಿಕೆ. ಅದು ಮುಗಿದ ಮೇಲೆ ಬಲತೋಳನ್ನೂ ಮಡಚಿದಳು. ಬಲಗೈಯ ಕೊನೆಯ ಬೆರಳುಗಳು ಮಾತ್ರ ಅಂಗೈಗೆ ಬಿಗಿದೇ ಇದ್ದವು.

"ಒಂದೇ ಕೈ ಸಾಕು ಕಂದಾ," ಎಂದಳು ತಾಯಿ. ಮಗಳು ಕೇಳಿಸದವಳ ಹಾಗೆ ಪರದೆಯನ್ನೇ ನೋಡುತ್ತ ಕೂತಳು.

ಎದೆಯಲ್ಲಿ ಕೂಸಿದೆಯೆಂದು ಸಾಲಿನವರು ಇವರನ್ನು ಮುಂದೆ ಬಿಟ್ಟರು. ಮೊದಲು ತಾಯಿಗೆ. ಆಮೇಲೆ ಮಗಳಿಗೆ. ಸಿಸ್ಟರ್ ಹತ್ತಿಯಿಂದ ತೋಳು ಒರೆಸಿ, "ಇರುವೆ ಕಚ್ಚಿದ ಹಾಗೆ ಅಷ್ಟೆ. ಆ ಕಡೆ ನೋಡು," ಎಂದಳು. ಮಗಳು ಆ ಕಡೆ ನೋಡಲಿಲ್ಲ. ಸೂಜಿ ಒಳಗೆ ಹೋಗುವುದನ್ನೂ ಹೊರಗೆ ಬರುವುದನ್ನೂ ರೆಪ್ಪೆ ಬಡಿಯದೆ ನೋಡಿದಳು. ಒಂದು ಹನಿ ಕಣ್ಣೀರಿಲ್ಲ.

"ಭಲೇ! ದೊಡ್ಡೋರೇ ಅಳ್ತಾರೆ. ನೋಡ್ರೀ ಎಲ್ಲ, ಇವಳನ್ನ ನೋಡಿ ಕಲೀರಿ," ಎಂದು ಸಿಸ್ಟರ್ ಪರದೆ ಸರಿಸಿ ಕೂಗಿದಳು. "ಸ್ವಲ್ಪ ಹೊತ್ತು ಆ ಬೆಂಚಿನ ಮೇಲೆ ಕೂತಿದ್ದು ಹೋಗಿ."

ಮಗಳು ಕದಲಲಿಲ್ಲ. ತಿರುಗಿ ನಿಂತು ಇನ್ನೊಂದು ತೋಳನ್ನು ಚಾಚಿದಳು.

"ಆಯ್ತು ಮರಿ. ಒಂದೇ."

ತೋಳು ಹಾಗೆಯೇ ಚಾಚಿಕೊಂಡಿತ್ತು. "ಇದಕ್ಕೂ ಹಾಕಿ," ಎಂದಳು ಹುಡುಗಿ. ದನಿ ಎಷ್ಟು ಸಣ್ಣದಾಗಿತ್ತೆಂದರೆ ಸಿಸ್ಟರ್ ಬಗ್ಗಿ ಕೇಳಬೇಕಾಯಿತು. "ದೊಡ್ಡದು ಹಾಕಿ. ಇದು ಸಣ್ಣದು."

ಕ್ಷೌರದಂಗಡಿಯವನು ತೊಡೆ ತಟ್ಟಿಕೊಂಡು ನಕ್ಕ. "ನನ್ನದೂ ಅವಳಿಗೇ ಹಾಕಿಬಿಡಿ ಸಿಸ್ಟರ್, ಪುಣ್ಯ ಬರತ್ತೆ!" ಅಜ್ಜಿಯೂ ನಕ್ಕರು, ಸಿಸ್ಟರೂ ನಕ್ಕಳು. ಮಗಳು ಆ ಮಾತಿಗೆ ಗಕ್ಕನೆ ತಿರುಗಿ ಅವನನ್ನು ನೋಡಿದಳು, ಅವನೇನೋ ನಿಜವನ್ನೇ ಹೇಳಿದ ಹಾಗೆ. ಆ ನೋಟ ಕಂಡ ತಾಯಿ ಅಲ್ಲಿ ನಿಲ್ಲಲಿಲ್ಲ.

ಮಗಳ ಭುಜ ಹಿಡಿದು ಹೊರಗೆ ಕರೆತಂದು ಮೆಟ್ಟಿಲ ಪಕ್ಕದ ಬೆಂಚಿನ ಮೇಲೆ ಕೂರಿಸಿದಳು. ಎದೆಗೆ ಕಟ್ಟಿದ ಕೂಸು ನಿದ್ದೆಯಲ್ಲೇ ಒಮ್ಮೆ ಬಿಕ್ಕಳಿಸಿ ಸುಮ್ಮನಾಯಿತು. ರಸ್ತೆಯಲ್ಲಿ ಹಾಲಿನ ವ್ಯಾನು ಹೋಯಿತು. ಅವಳು ಮಗಳ ಮಡಚಿದ ತೋಳುಗಳನ್ನು ಒಂದೊಂದಾಗಿ ಬಿಚ್ಚಿ ಕೆಳಗಿಳಿಸಿದಳು. ಬಲಗೈ ಮುಷ್ಟಿಯ ಸಂದಿಯಲ್ಲಿ ಏನೋ ಕೆಂಪು ಕಂಡಿತು.

"ಏನದು? ಕೈ ಬಿಚ್ಚು."

ಬಿಚ್ಚಲಿಲ್ಲ. ತಾಯಿ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು. ಅಂಗೈಯ ನಡುವೆ ಸೂಜಿಯ ಮುರಿದ ತುದಿ ಇತ್ತು. ದಾರಿಯುದ್ದಕ್ಕೂ ಹಿಡಿದು ಹಿಡಿದು ಮೊನೆ ಒಳಗಿಳಿದಿತ್ತು. ರಕ್ತ ಅಂಗೈಯ ಗೆರೆಗಳಲ್ಲಿ ಒಣಗಿ, ಮತ್ತೆ ಒಸರಿ, ಮತ್ತೆ ಒಣಗಿತ್ತು.

ತಾಯಿಗೆ ಒಮ್ಮೆಗೇ ಏನೂ ಅರ್ಥವಾಗಲಿಲ್ಲ. ಸೆರಗಿನಿಂದ ಒತ್ತಿ, ಮೊನೆಯನ್ನು ಉಗುರಿನಿಂದ ಹಿಡಿದು ತೆಗೆದಳು. ಮಗಳು ಆಗಲೂ ಅಳಲಿಲ್ಲ. ಉಸಿರು ಬಿಗಿಹಿಡಿದು ತಮ್ಮನ ಮುಖವನ್ನೇ ನೋಡುತ್ತಿದ್ದಳು. ಇದೇ ಹೊತ್ತು ಎಂದುಕೊಂಡಳು ತಾಯಿ. ತಾನು ಹೊಲಿದು ಬಿಚ್ಚಿ ಹೊಲಿದಿಟ್ಟಿದ್ದ ಉತ್ತರವನ್ನು ಮನಸ್ಸಿನೊಳಗೆ ತಡಕಿ ತೆಗೆದಳು.

"ಯಾಕಮ್ಮ," ಎಂದಳು. ತಾತ ಹೋದ ಮೇಲೆ ಆ ಹೆಸರನ್ನು ಯಾರೂ ಕರೆದಿರಲಿಲ್ಲ. "ಏನು ಕೇಳಬೇಕೋ ಕೇಳು. ನಾನು ಬೈಯಲ್ಲ. ಸುಳ್ಳೂ ಹೇಳಲ್ಲ."

ಮಗಳ ತುಟಿ ತೆರೆಯಿತು, ಮುಚ್ಚಿತು. ಬೆರಳೊಂದು ತಾನಾಗಿಯೇ ಬಾಯಿಯ ಮೇಲೆ ಹೋಗಿ ಕೂತಿತು, ಆಸ್ಪತ್ರೆಯಲ್ಲಿ ತಾತ ಮಾಸ್ಕಿನ ಮೇಲೆ ಇಟ್ಟಂತೆಯೇ. ಅದನ್ನು ನೋಡಿ ತಾಯಿ ತನ್ನ ಉತ್ತರ ಇನ್ನಾವುದೋ ಮೈಯ ಅಳತೆಗೆ ಹೊಲಿದದ್ದೆಂದು ಮೊದಲ ಸಲ ಹೆದರಿದಳು.

"ಮಿಷಿನ್ ಸೂಜಿ ಮುರಿದದ್ದು ನಾನು," ಎಂದಳು ಮಗಳು ಬೆರಳ ಹಿಂದಿನಿಂದ. "ಚಕ್ರ ತಿರುಗಿಸಿದೆ. ತಾತ ಸುಮ್ಮನೆ ತಾನೇ ಮುರಿದದ್ದು ಅಂದುಬಿಟ್ರು. ಯಾರಿಗೂ ಹೇಳಬೇಡ ಅಂದ್ರು. ಆಸ್ಪತ್ರೆಲೂ ಹೇಳಬೇಡ ಅಂತ ಹೀಗೆ ತೋರಿಸಿದ್ರು. ನಾನು ಹೇಳಲೇ ಇಲ್ಲ."

ತಾಯಿ ಹಾಗಲ್ಲ ಎನ್ನಲು ಹೋದಳು, ಅಷ್ಟರಲ್ಲಿ ಮಗಳು ಬೆರಳನ್ನು ಬಾಯಿಂದ ತೆಗೆದು, ರಕ್ತದ ಕೈಯನ್ನು ತಾಯಿಯ ಮಡಿಲಲ್ಲಿಟ್ಟು, ಮುಖವೆತ್ತಿ ಅವಳ ಕಣ್ಣನ್ನೇ ನೋಡಿದಳು.

"ಅಮ್ಮಾ, ನಾನು ಅವತ್ತೇ ಹೇಳಿದ್ದಿದ್ರೆ, ಆ ಸೂಜಿ ಎಲ್ಲಾ ನನಗೇ ಚುಚ್ಚಿ, ತಾತನ್ನ ಮನೆಗೆ ಕಳಿಸ್ತಿದ್ರಾ?"